ಸೋತವರು ಏಳುವ ಕುರ್ಚಿ

ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು ಆಕೆಯ ಗೇಮ್ ಸೆಂಟರ್. ಹತ್ತಲು ಕಿರಿದಾದ ಮೆಟ್ಟಿಲು, ಒಳಗೆ ಸಾಲಾಗಿ ಕಂಪ್ಯೂಟರುಗಳು, ಅವು ಬಿಡುವ ಬಿಸಿ ಉಸಿರು. ಕಿಟಕಿ ಪಕ್ಕದ ಕುರ್ಚಿಯ ಗತ್ತೇ ಬೇರೆ. ಗಾಳಿ ಆಡುವ ಜಾಗ, ಎಲ್ಲಕ್ಕಿಂತ ದೊಡ್ಡ ಪರದೆ. ಗೆದ್ದವರು ಅಲ್ಲಿ ಎಷ್ಟು ಹೊತ್ತಾದರೂ ಕೂರಬಹುದು, ಆದರೆ ಸೋತ ಗಳಿಗೆಯಲ್ಲೇ ಏಳಬೇಕು. ಆಕೆ ಗಲ್ಲಾದ ಹಿಂದಿನಿಂದ "ಎದ್ದೇಳಪ್ಪ" ಅಂದರೆ ಮುಗಿಯಿತು, ಅದಕ್ಕೆ ಮೇಲ್ಮನವಿ ಇರಲಿಲ್ಲ. ಕಟ್ಟಿಕೊಂಡ ಗಂಡನನ್ನೇ ಹಾಗೆ ಎಬ್ಬಿಸಿದ್ದಳು. ಕಣ್ಣಿಗೆ ಧೂಳು ಬಿತ್ತು, ಕೀಬೋರ್ಡ್ ಕೈಕೊಟ್ಟಿತು ಎಂದು ಆತ ಎಷ್ಟು ಗೋಗರೆದರೂ ಆಕೆಯ ಮನಸ್ಸು ಕರಗಲಿಲ್ಲ. ಅಂದಿನಿಂದ ಬೀದಿಗೆಲ್ಲ ಆಕೆ ಎದ್ದೇಳಕ್ಕ.

ಗೇಮ್ ಆಡುವ ತಂಡಗಳಿಗಾಗಿ ಹೊಸ ಲೀಗ್ ಶುರುವಾದಾಗ ಎದ್ದೇಳಕ್ಕನ ಖುಷಿಗೆ ಕಾರಣವಿತ್ತು. ಲೀಗಿನಲ್ಲಿ ಎರಡು ಸಾಲು. ಮೇಲಿನ ಸಾಲಿನಲ್ಲಿ ಕಟ್ಟಕಡೆಗೆ ಬಂದ ತಂಡ ವರ್ಷದ ಕೊನೆಗೆ ಕೆಳಗಿಳಿಯಬೇಕು. ಕೆಳಗಿನ ಸಾಲಿನಲ್ಲಿ ಮೊದಲು ಬಂದ ತಂಡ ಮೇಲೇರಬೇಕು. "ನಮ್ಮ ಕುರ್ಚಿ ನಿಯಮಾನೇ ಕದ್ದಿದ್ದಾರೆ, ಕದೀಲಿ ಬಿಡು" ಎಂದು ನಕ್ಕು, ಆಕೆ ತನ್ನ ಸೆಂಟರಿನ ತಂಡವನ್ನೂ ಕೆಳಗಿನ ಸಾಲಿಗೆ ಸೇರಿಸಿದಳು.

ತಂಡದ ನಾಯಕಿ ಆಕೆಯ ತಂಗಿಯ ಮಗಳು. ಔಷಧಿ ಅಂಗಡಿಯಲ್ಲಿ ಕೆಲಸವಾದ್ದರಿಂದ ಎಲ್ಲರ ಬಾಯಲ್ಲೂ ಅವಳು ಮಾತ್ರೆ. ಹಗಲೆಲ್ಲ ಕೌಂಟರಿನಲ್ಲಿ ನಿಂತು ಕಾಲು ಊದಿಸಿಕೊಂಡು ಬಂದು, ಸಂಜೆ ಕುರ್ಚಿ ಸಿಕ್ಕರೆ ಸಾಕು ಎಂಬಂತೆ ಆಡುತ್ತಿದ್ದಳು. ಹಾಗೆ ಆಡಿ ಆಡಿಯೇ ತಂಡವನ್ನು ಕೆಳಗಿನ ಸಾಲಿನ ಮೊದಲ ಸ್ಥಾನಕ್ಕೆ ತಂದು ನಿಲ್ಲಿಸಿದಳು. ಕೊನೆಯ ಪಂದ್ಯದಲ್ಲಿ ಕೂದಲೆಳೆಯ ಅಂತರದಲ್ಲಿ ಸೋತವರು ಪಕ್ಕದ ಬೀದಿಯ ಸಲೂನಿನ ತಂಡದವರು. ಸಲೂನಿನವನು ಮಾತ್ರೆಯ ಕೈಕುಲುಕಿ, "ಮೇಲೆ ನಮಗೂ ಜಾಗ ಹಿಡಿದಿಟ್ಟಿರಮ್ಮ, ಮುಂದಿನ ವರ್ಷ ಬರ್ತೀವಿ" ಎಂದು ಹೇಳಿ ಹೋದ.

ಅತ್ತ ಮೇಲಿನ ಸಾಲಿನಲ್ಲಿ ಕಟ್ಟಕಡೆಗೆ ಬಂದದ್ದು ಒಂದು ಫೋನ್ ಕಂಪನಿಯ ತಂಡ. ಸೋಲುವುದರಲ್ಲಿ ಅವರದು ಎತ್ತಿದ ಕೈ. ಆದರೆ ಲೀಗಿನ ಖರ್ಚೆಲ್ಲ ನಡೆಯುತ್ತಿದ್ದುದು ಅದೇ ಕಂಪನಿಯಿಂದ.

ಮೇಲೇರುವ ದಿನ ಹತ್ತಿರ ಬಂದಾಗ ಲೀಗಿನ ಮ್ಯಾನೇಜರ್ ಗರಿಗರಿ ಅಂಗಿ ತೊಟ್ಟು ಮೆಟ್ಟಿಲು ಹತ್ತಿ ಬಂದ. ಯಾರನ್ನೂ ಕೇಳದೆ ಕಿಟಕಿ ಪಕ್ಕದ ಕುರ್ಚಿಯಲ್ಲೇ ಕೂತ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತು ತೆಗೆದ. ದೊಡ್ಡ ತಂಡವನ್ನು ಕೆಳಗಿಳಿಸಿದರೆ ಲೀಗಿನ ಹೆಸರು ಕೆಡುತ್ತದೆ, ಹಾಗಾಗಿ ಯಾರೂ ಇಳಿಯುವುದಿಲ್ಲ. ಆದರೆ ಗೆದ್ದವರಿಗೂ ಮೋಸವಿಲ್ಲ, ಮಾತ್ರೆಯ ತಂಡಕ್ಕೆ ಮೇಲಿನ ಸಾಲಿನಲ್ಲಿ ಹೆಚ್ಚುವರಿ ಜಾಗ ಕೊಡುತ್ತಾರೆ, ಅದೂ ಕಾಯಂ ಆಗಿ. ಅಲ್ಲಿಗೆ ಬಾಗಿಲು ಬಂದ್. ಇನ್ನು ಮುಂದೆ ಯಾರೂ ಹತ್ತುವುದಿಲ್ಲ, ಯಾರೂ ಇಳಿಯುವುದಿಲ್ಲ. ಗೆದ್ದ ತಂಡವೇ ಒಪ್ಪಿಬಿಟ್ಟರೆ ಕೆಳಗಿನ ಸಾಲಿನ ಮಿಕ್ಕವರು ತುಟಿ ಬಿಚ್ಚುವುದಿಲ್ಲ. ಆತನಿಗೆ ಬೇಕಾಗಿದ್ದುದು ಆ ಒಂದು 'ಹೂಂ'.

ಎದ್ದೇಳಕ್ಕನಿಗೆ ಮೈಯೆಲ್ಲ ಉರಿದುಹೋಯಿತು.

"ಅಂದ್ರೆ ಸೋತೋರು ಏಳಲ್ಲ. ಗೆದ್ದೋರು ಹತ್ತಿದ ಮೇಲೆ ಏಣಿ ಎಳ್ಕೋಬೇಕು. ಅಷ್ಟೇ ತಾನೆ?"

"ಮೇಡಂ, ಇದು ವ್ಯವಹಾರ. ನೀವು ಸುಮ್ನೆ ಮನಸ್ಸಿಗೆ ಹಚ್ಕೋಬೇಡಿ."

ಮನಸ್ಸಿಗೆ ಹಚ್ಚಿಕೊಳ್ಳದೆ ಇನ್ನೆಲ್ಲಿಗೆ ಹಚ್ಚಿಕೊಳ್ಳುವುದು? ಆಕೆ ಮಾತ್ರೆಯ ಕಡೆ ನೋಡಿದಳು. ಮಾತ್ರೆ ನೆಲ ನೋಡುತ್ತಿದ್ದಳು. ಮೇಲಿನ ಸಾಲಿನವರಿಗೆ ತಿಂಗಳ ಸಂಬಳವಿದೆ, ಕೌಂಟರಿನ ಹಿಂದೆ ನಿಲ್ಲುವ ಕೆಲಸ ಬಿಡಬಹುದು. ಅವಳ ಊದಿದ ಕಾಲು ಚಪ್ಪಲಿಯ ಪಟ್ಟಿ ಮೀರಿ ಉಬ್ಬಿತ್ತು. ಜೊತೆಯಲ್ಲಿ ಆಡುವ ನಾಲ್ವರ ಕಣ್ಣೂ ಅವಳ ಮೇಲೆಯೇ.

"ದೊಡ್ಡಮ್ಮ, ನಾವು ಗೆದ್ದೇ ಹೋಗ್ತಿರೋದಲ್ವಾ" ಎಂದಳು ಮೆಲ್ಲಗೆ.

ಹುಡುಗಿ ಹೇಳಿದ್ದು ಸುಳ್ಳಲ್ಲ. ಆಡಿದವರು ಅವರು, ಹೂಂ ಅನ್ನುವವರೂ ಉಹುಂ ಅನ್ನುವವರೂ ಅವರೇ. ಎದ್ದೇಳಕ್ಕನ ಸಿಟ್ಟು ಮಾತ್ರ ಇಳಿಯಲಿಲ್ಲ, ಅದು ಆ ಕುರ್ಚಿಯ ಕಡೆ ತಿರುಗಿತು.

"ನಿಮ್ಮ ಲೀಗ್ ನಿಮ್ಮದು. ಈ ಸೆಂಟರ್ ನಂದು. ಆ ಕುರ್ಚೀಲಿ ಗೆದ್ದೋರು ಮಾತ್ರ ಕೂರೋದು. ಕೂರ್ಬೇಕು ಅಂದ್ರೆ ಒಂದು ಆಟ ಆಡಿ."

ಮ್ಯಾನೇಜರ್ ನಕ್ಕ. ಅಂಗಿಯ ತೋಳು ಮಡಚಿ ಮಾತ್ರೆಯ ಎದುರು ಆಡಿದ. ಆಟ ಬಿಸಿಯೇರುವ ಮೊದಲೇ ಸೋತ. ಸೋತು ಮತ್ತೊಮ್ಮೆ ನಕ್ಕು, ಹಿಂದಕ್ಕೆ ಒರಗಿ, ಕಾಲು ಚಾಚಿ, ಬಿಟ್ಟ ಮಾತನ್ನೇ ಮುಂದುವರಿಸಿದ. ಸಹಿ ಯಾವತ್ತು, ಫೋಟೋ ಎಲ್ಲಿ, ಹೊಸ ಅಂಗಿಯ ಬಣ್ಣ ಯಾವುದು.

ಉಳಿದ ಕುರ್ಚಿಗಳಲ್ಲಿ ಆಡುತ್ತಿದ್ದವರೆಲ್ಲ ಕೈ ನಿಲ್ಲಿಸಿ ಇತ್ತ ತಿರುಗಿದ್ದರು. ಎದ್ದೇಳಕ್ಕ ಬಾಯಿ ತೆರೆದವಳು ಮತ್ತೆ ಮುಚ್ಚಿದಳು. ಜೀವಮಾನದಲ್ಲಿ ಮೊದಲ ಸಲ ಆ ಮಾತನ್ನು ನುಂಗಿಕೊಂಡಳು.

"ಸರ್, ಸೋತ್ರಲ್ಲ" ಎಂದಳು ಮಾತ್ರೆ.

"ಹೂಂನಮ್ಮ, ಭಾರಿ ಆಡ್ತೀಯ. ನಾನು ಹೇಳ್ತಿದ್ದಿದ್ದು..."

"ಎದ್ದೇಳಿ ಸರ್."

ತಮಾಷೆ ಎಂದುಕೊಂಡು ಆತ ಸುತ್ತ ನೋಡಿದ. ಯಾರ ಮುಖದಲ್ಲೂ ನಗುವಿರಲಿಲ್ಲ. ಕೊನೆಗೆ ಅಂಗಿ ಸರಿಮಾಡಿಕೊಂಡು ಎದ್ದ.

"ಹಾಗಾದ್ರೆ ನಿಮ್ಮ ಉತ್ತರ ಏನು?"

"ಅದೇ ಉತ್ತರ. ಸಲೂನಿನವರಿಗೆ ಜಾಗ ಹಿಡಿದಿಡ್ತೀನಿ ಅಂತ ಕೈ ಕುಲುಕಿದೀನಿ."

ಆತ ಮೆಟ್ಟಿಲಿಳಿದ ಮೇಲೆ ಮಾತ್ರೆ ಆ ಕುರ್ಚಿಯಲ್ಲಿ ಕೂತು ಸ್ವಲ್ಪ ಅತ್ತಳು. ಅವಳ ಊದಿದ ಕಾಲಿನ ಕೆಳಗೆ ದೊಡ್ಡಮ್ಮ ತನ್ನ ಸ್ಟೂಲು ತಂದಿಟ್ಟಳು.

ಗೆದ್ದವರೇ ಒಪ್ಪಲಿಲ್ಲ ಎಂಬ ಸುದ್ದಿ ಹಬ್ಬಿ ಕೆಳಗಿನ ಸಾಲಿನ ತಂಡಗಳೆಲ್ಲ ಗಲಾಟೆ ಎಬ್ಬಿಸಿದವು. ಬಾಗಿಲು ಮುಚ್ಚುವ ಮಾತು ಅಲ್ಲಿಗೇ ಬಿತ್ತು. ಹಾಗೆಂದು ನ್ಯಾಯ ಸಿಕ್ಕಿತೆ? ಇಲ್ಲ. 'ಈ ವರ್ಷದ ಮಟ್ಟಿಗೆ' ಯಾರೂ ಇಳಿಯುವುದಿಲ್ಲ, ಯಾರೂ ಏರುವುದಿಲ್ಲ ಎಂದು ಲೀಗ್ ಕೈ ತೊಳೆದುಕೊಂಡಿತು. ಮಾತ್ರೆ ಮತ್ತೆ ಹಗಲು ಕೌಂಟರಿನಲ್ಲಿ, ಸಂಜೆ ಕೆಳಗಿನ ಸಾಲಿನಲ್ಲಿ, ಮೊದಲಿಂದ.

ಬಸ್ ಸ್ಟಾಪಿನ ಮೇಲೆ ಈಗ ದೊಡ್ಡ ಜಾಹೀರಾತು ನಿಂತಿದೆ. ಫೋನ್ ಕಂಪನಿಯ ಐವರು ಆಟಗಾರರು ಮಿರಿಮಿರಿ ಕುರ್ಚಿಗಳಲ್ಲಿ ಒರಗಿ ನಗುತ್ತಿದ್ದಾರೆ. ಅದರ ಕೆಳಗೆ ಬಸ್ಸಿಗೆ ಕಾಯುವಾಗಲೆಲ್ಲ ಎದ್ದೇಳಕ್ಕ ಆ ಕುರ್ಚಿಗಳನ್ನೇ ದುರುಗುಟ್ಟಿ ನೋಡುತ್ತಾಳೆ. ಮೊನ್ನೆ ತಡೆಯಲಾರದೆ ಆ ಚಿತ್ರಕ್ಕೇ ಗಟ್ಟಿಯಾಗಿ ಹೇಳಿಬಿಟ್ಟಳು: "ಎದ್ದೇಳ್ರೋ."

ಬೆಂಚಿನಲ್ಲಿ ಕೂತಿದ್ದ ಅಪರಿಚಿತನೊಬ್ಬ ಗಾಬರಿಯಿಂದ ಎದ್ದು ನಿಂತ.

"ನಿಮಗಲ್ಲಪ್ಪ" ಎಂದು ಆಕೆ ಅವನ ಭುಜ ಒತ್ತಿ ಕೂರಿಸಿದಳು. "ಏಳ್ಬೇಕಾದೋರು ಏಳೋವರೆಗೂ ನೀವು ಕೂತ್ಕೊಳ್ಳಿ."