ದೊಡ್ಡಪ್ಪನ ಪಟಗಾ, ಅವ್ವನ ಮುಖ

ಆಗೆಲ್ಲ ನಮ್ಮ ಕಡೆ ಎಷ್ಟೋ ಹೆಂಗಸರಿಗೆ ಮೊದಲ ಫೋಟೊ, ಕೊನೆಯ ಫೋಟೊ ಎರಡೂ ಒಂದೇ ಆಗಿರುತ್ತಿತ್ತು. ಸತ್ತವರನ್ನು ಗೋಡೆಗೆ ಆನಿಸಿ ಕೂರಿಸಿ, ಹಣೆತುಂಬ ವಿಭೂತಿ ಹಚ್ಚಿ, ಹೂವಿನ ಸರ ಹಾಕಿ, ಮನೆಮಂದಿ ಸುತ್ತ ಕುಳಿತು ತೆಗೆಸಿಕೊಳ್ಳುತ್ತಿದ್ದರು. ನಮ್ಮವ್ವನದೂ ಹಾಗೆಯೇ. ಎಂಬತ್ತರ ದಶಕದ ಒಂದು ಬೇಸಿಗೆ, ಗುರುಗುಂಟಾದಲ್ಲಿ. ನನಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ.

ಓಣಿಯಲ್ಲಿ ಕುಂಟಾಟ ಆಡುತ್ತಿದ್ದವಳನ್ನು ಯಾರೋ ರೆಟ್ಟೆ ಹಿಡಿದು ಎಳೆತಂದು ಅವ್ವನ ಕಾಲ ಬಳಿ ಕೂರಿಸಿದರು. ಪಡಸಾಲೆ ತುಂಬ ಲೋಬಾನದ ಹೊಗೆ, ಚೆಂಡುಹೂವಿನ ವಾಸನೆ. ನೆರೆಮನೆಯವರು ಕೊಟ್ಟ ಸಜ್ಜೆರೊಟ್ಟಿಯ ತುಂಡು ಇನ್ನೂ ನನ್ನ ಕೈಯಲ್ಲೇ ಇತ್ತು.

ಫೋಟೊ ಆಗಲೇಬೇಕೆಂದು ಹಟ ಹಿಡಿದವಳು ಅವ್ವನ ತಾಯಿ, ನಮ್ಮ ಆಯಿ.

“ಈ ಕೂಸು ಸಣ್ಣದೈತಿ. ನಾಳೆ ಅವ್ವನ ಕೇಳಿದ್ರ ಏನ್ ತೋರಸ್ಲಿ? ನನ್ನ ಮಗಳ ಮಾರಿ ಉಳೀಬೇಕು.”

ಲಿಂಗಸುಗೂರಿನಿಂದ ಫೋಟೊದವನು ಬಂದ. ಅವನ ಫ್ಲ್ಯಾಶು ಕ್ಯಾಮೆರಾದ ನೆತ್ತಿಯ ಮೇಲಿರಲಿಲ್ಲ. ಕ್ಯಾಮೆರಾದ ಕೆಳಗೆ ಕಬ್ಬಿಣದ ಪಟ್ಟಿ, ಅದರ ಒಂದು ತುದಿಗೆ ಹಿಡಿಕೆ, ಹಿಡಿಕೆಯ ಮೇಲೆ ಫ್ಲ್ಯಾಶು, ನಡುವೆ ಸುರುಳಿ ವೈರು. ನೇರ ಹೊಡೆದರೆ ವಿಭೂತಿ ಹಚ್ಚಿದ ಮುಖ ಸುಣ್ಣದ ಗೋಡೆಯಂತೆ ಬೆಳ್ಳಗಾಗಿ ಕಣ್ಣುಮೂಗು ತಿಳಿಯುವುದಿಲ್ಲ, ಬೆಳಕು ಪಕ್ಕದಿಂದ ಬೀಳಬೇಕು ಎಂದು ಆಯಿಗೆ ಹೇಳಿದ.

ಅಷ್ಟರಲ್ಲಿ ದೊಡ್ಡಪ್ಪ ಬಂದ, ನಮ್ಮಪ್ಪನ ಅಣ್ಣ. ಈಗ ಅವನೂ ಇಲ್ಲ, ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ನಾನು ಆಡುತ್ತೇನೆ. ಅವ್ವ ಜ್ವರದಲ್ಲಿ ನರಳುವಾಗ ಹೊಸ್ತಿಲಿಗೂ ಬಾರದ ಮನುಷ್ಯ, ಫೋಟೊದವನು ಬಂದನೆಂದು ಕೇಳಿ ಇಸ್ತ್ರಿ ಅಂಗಿ ತೊಟ್ಟು, ತಲೆಗೆ ದೊಡ್ಡ ಬಿಳಿ ಪಟಗಾ ಸುತ್ತಿಕೊಂಡು ಬಂದ. ಬಂದವನೇ ಅವ್ವನಿಗಿಂತ ಮುಂದಕ್ಕೆ, ಫ್ಲ್ಯಾಶು ಇದ್ದ ಕಡೆಗೇ ಕುಳಿತ. ಎಲ್ಲಿ ಹೋದರೂ ಮುಂದೆ ಕೂರುವುದೇ ಹಿರೇತನ ಎಂದು ತಿಳಿದಿದ್ದವನು.

“ಗೌಡ್ರ, ಪಟಗಾ ಅಡ್ಡ ಬರ್ತೈತ್ರಿ,” ಎಂದ ಫೋಟೊದವನು. “ನನಗ ಅಕ್ಕಾರ ಮಾರಿ ಕಾಣತೈತಿ, ಬೆಳಕು ಅಲ್ಲಿಗೆ ಮುಟ್ಟಾಂಗಿಲ್ಲ. ಹಿಂದ ಸರೀರಿ, ಇಲ್ಲಾಂದ್ರ ಪಟಗಾ ತೆಗೀರಿ.”

“ತಮ್ಮನ ಹೇಂತಿ ಮುಂದ ನಾ ಪಟಗಾ ತೆಗೀಬೇಕೇನಲೇ?”

“ಹಂಗಾದ್ರ ಫ್ಲ್ಯಾಶಿನ ಪಟ್ಟಿ ಆ ಕಡೆ ತಿರುವಿ ಹಾಕ್ತೀನ್ರಿ, ಚೂರು ತಡೀರಿ.”

“ನಿನ್ನ ಕಬ್ಬಿಣ ತಿರುವೋತನಕ ಹೆಣ ಕುಂದರಬೇಕೇನು? ಹೊಡೀಲೇ ಸುಮ್ನ!”

ಅಪ್ಪ ನೆಲ ನೋಡುತ್ತಿದ್ದ. ಅಣ್ಣನ ಮುಂದೆ ಅವನಿಗೆ ಎಂದೂ ಬಾಯಿರಲಿಲ್ಲ. ಆಯಿ ಒಬ್ಬಳೇ ಕೈಮುಗಿದು, “ಯಪ್ಪಾ, ನಿನ್ನ ಕಾಲಿಗೆ ಬೀಳ್ತೀನಿ, ಹಿಂದ ಸರಿ” ಎಂದಳು. ದೊಡ್ಡಪ್ಪ ಮೀಸೆ ತೀಡಿ ಕ್ಯಾಮೆರಾ ನೋಡಿದ. ಫ್ಲ್ಯಾಶು ಝಗ್ಗೆಂದಿತು. ಇನ್ನೊಂದು ಹೊಡೆಯಲು ಅದು ಮತ್ತೆ ಚಾರ್ಜಾಗುತ್ತ ಕುಂಯ್‌ಗುಡುತ್ತಿರುವಾಗಲೇ ಅವನೆದ್ದು, “ಆತು, ಎತ್ರಿ” ಎಂದ. ಎತ್ತಿದರು.

ಫೋಟೊದಲ್ಲಿ ದೊಡ್ಡಪ್ಪನ ಮೀಸೆಯ ಒಂದೊಂದು ಕೂದಲೂ ಕಾಣುತ್ತದೆ. ಅವನ ಹಿಂದೆ ಹೂವಿನ ಸರವಿದೆ, ಸೀರೆಯ ಅಂಚಿದೆ, ಅದರ ಮೇಲೆ, ಮುಖವಿರಬೇಕಾದಲ್ಲಿ, ಪಟಗಾದ ನೆರಳು ಬಿದ್ದು ಬರೀ ಕಪ್ಪು. ಆಯಿ ಅದನ್ನು ಅಂಗಳದ ಬಿಸಿಲಿಗೆ ಹಿಡಿದು ನೋಡಿದಳು. ಸೆರಗಿನಿಂದ ಒರೆಸಿಯೂ ನೋಡಿದಳು. ಆಮೇಲೆ ಇರುವಷ್ಟು ದಿನ ಅವ್ವನ ಮುಖವನ್ನು ನನಗೆ ಬಾಯಿಂದಲೇ ಹೇಳಿದಳು: ಗದ್ದದ ಮೇಲೊಂದು ಮಚ್ಚೆ, ನಕ್ಕರೆ ಒಂದು ಕಣ್ಣು ಸಣ್ಣ. ಈಗ ಹೇಳಲು ಆಯಿಯೂ ಇಲ್ಲ.

ಇವತ್ತು ನನ್ನ ಮಗಳ ಫೋನಿನಲ್ಲಿ ಊಟದ ತಟ್ಟೆಗೂ ಫೋಟೊ ಉಂಟು. ನನ್ನ ಹತ್ತಿರ ಅವ್ವನದೆಂದು ಇರುವುದು ಅದೊಂದೇ. ಅದನ್ನೇ ನೋಡಿ ನೋಡಿ ನನ್ನೊಳಗಿದ್ದ ಅಷ್ಟಿಷ್ಟು ಮುಖವೂ ಅಳಿಸಿಹೋಯಿತು. ಕಣ್ಣು ಮುಚ್ಚಿ ಅವ್ವನನ್ನು ನೆನೆದರೆ ಎದುರಿಗೆ ಬಂದು ಕೂರುವವನು ದೊಡ್ಡಪ್ಪನೇ.