ಅತ್ತೆ ಹೇಳದೇ ಹೋದ ಆಪರೇಷನ್

ಆಗಸ್ಟ್ ಮೂರು, ಭಾನುವಾರ, ಸಂಜೆ ಆರು ಹತ್ತು. ಗೋಕಾಕ.

ನಾಳೆ ಬೆಳಗಾವಿಯಲ್ಲಿ ನನ್ನ ಕರುಳಿನ ತಪಾಸಣೆ. ಹೊಟ್ಟೆ ಖಾಲಿ ಮಾಡುವ ಪುಡಿಯನ್ನು ಎರಡು ಲೀಟರ್ ನೀರಿಗೆ ಕಲಸಿ ಮೊದಲ ಗ್ಲಾಸು ಎತ್ತಿದೆ. ಆ ಹುಸಿ ನಿಂಬೆ ವಾಸನೆ ನನಗೆ ಹೊಸದಾಗಿರಲಿಲ್ಲ... ನನ್ನ ಸೋದರತ್ತೆ ಕುಡಿಯುತ್ತಿದ್ದುದು ಇದನ್ನೇ.

ಅತ್ತೆಯನ್ನು ಹತ್ತರಗಿಗೆ ಕೊಟ್ಟಿದ್ದರು. ನಾನು ನಾಲ್ಕನೇ ಇಯತ್ತೆಯಲ್ಲಿದ್ದಾಗ ಅವಳಿಗೊಂದು ದೊಡ್ಡ ಆಪರೇಷನ್ ಆಯಿತು. ಗರ್ಭಚೀಲ ತೆಗೆಸಿದ್ದು ಎಂದಳು. ನಮ್ಮ ಕಡೆ ಹೆಂಗಸರು ಹಾಗೆಂದರೆ ಯಾರೂ ಮುಂದೆ ಕೇಳುವುದಿಲ್ಲ. ಅರ್ಧ ಓಣಿಯೇ ತೆಗೆಸಿರುತ್ತದೆ. ಆಮೇಲೆ ವರ್ಷಕ್ಕೊಮ್ಮೆ ನಮ್ಮ ಮನೆಗೆ ಬಂದು, ಈ ನೀರು ಕುಡಿದು, ಮರುದಿನ ಬೆಳಗಾವಿಗೆ ಹೋಗುತ್ತಿದ್ದಳು. ಉಷ್ಣದ ಔಷಧ ಎನ್ನುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತು ಗ್ಲಾಸು ಎಣಿಸಿ ಡೈರಿಯಲ್ಲಿ ಗೆರೆ ಎಳೆಯುತ್ತಿದ್ದೆ. ಅದಕ್ಕೇ ಅವಳು ನನ್ನನ್ನು ತಲಾಠಿ, ಅಂದರೆ ಊರಿನ ಸರಕಾರಿ ಲೆಕ್ಕಿಗ, ಎಂದು ಕರೆಯುತ್ತಿದ್ದಳು.

"ಏನವಾ ತಲಾಠಿ, ಎಷ್ಟಾದ್ವು?"

"ಐದು, ಅತ್ತಿ. ಇನ್ನೂ ಮೂರು ಅದಾವು."

"ಒಂದ್ ಹೆಚ್ಚಿಗಿ ಬರಕೋ. ಸರಕಾರಿ ಲೆಕ್ಕ ಯಾರ್ ನೋಡ್ತಾರ!"

ಎಂಟು ವರ್ಷದ ಎಂಟು ಪುಟಗಳು ಇವೆ. ಅವಳು ಊಟದ ನಡುವೆಯೂ ಎದ್ದು ಸಂಡಾಸಕ್ಕೆ ಹೋಗುತ್ತಿದ್ದುದನ್ನೂ ಬರೆದಿದ್ದೇನೆ: ದಿನಕ್ಕೆ ನಾಲ್ಕು ಸಲ, ಐದು ಸಲ.

ಏಳನೇ ವರ್ಷ ಅಪ್ಪ ಅವಳ ಮುಂದೆ ಕುಳಿತು ನಾಚಿಕೊಂಡೇ ಹೇಳಿದ: "ಯಕ್ಕಾ, ಸಂಡಾಸಕ್ಕ ಹೋದ್ರ ರಗತ ಬೀಳಾಕತ್ತೈತಿ."

ಅತ್ತೆ ಗ್ಲಾಸು ಕೆಳಗಿಟ್ಟಳು. "ಮೂಲವ್ಯಾಧಿ ಇರಬೇಕೋ ತಮ್ಮಾ. ಖಾರ ಕಡಿಮಿ ಮಾಡು, ಮಜ್ಜಿಗಿ ಕುಡಿ."

ಅಪ್ಪ ನಂಬಿದ. ಮೂಡಲಗಿಯಿಂದ ಗಿಡಮೂಲಿಕೆ ಪುಡಿಯನ್ನೂ ತಂದ. ಮರುವರ್ಷ ಅವಳು ಬಂದಾಗಲೂ ಅವನು ಮಜ್ಜಿಗೆ ಕುಡಿಯುತ್ತಿದ್ದ. ಅವಳು ತನ್ನ ಎಂಟು ಗ್ಲಾಸು ಮುಗಿಸಿ ಬಸ್ಸು ಹತ್ತಿದಳು. ಕೊನೆಗೆ ಸ್ಕ್ಯಾನ್ ಮಾಡಿಸಿದಾಗ ಅಪ್ಪನ ಕರುಳಿನ ಕ್ಯಾನ್ಸರ್ ಲಿವರಿಗೆ ಹಬ್ಬಿತ್ತು. ಅವನ ಹೆಣದ ಮುಂದೆ ಎಲ್ಲರಿಗಿಂತ ಜೋರಾಗಿ ಅತ್ತವಳು ಅತ್ತೆ. ಆಮೇಲೆ ಆ ನೀರು ಕುಡಿಯಲು ನಮ್ಮ ಮನೆಗೆ ಬರಲಿಲ್ಲ. ಮೂರು ವರ್ಷದ ನಂತರ ಹೃದಯಾಘಾತದಿಂದ ತೀರಿಕೊಂಡಳು.

ಕಳೆದ ತಿಂಗಳು ನನ್ನ ಕರುಳಿನಲ್ಲಿ ನೂರಾರು ಗಂಟುಗಳು ಸಿಕ್ಕವು. ಬಿಟ್ಟರೆ ಕ್ಯಾನ್ಸರ್ ಆಗುತ್ತವೆ, ದೊಡ್ಡ ಕರುಳನ್ನು ತೆಗೆಸಲೇಬೇಕು. ಇದು ವಂಶದಲ್ಲಿ ಬರುವಂಥದ್ದು, ಬೇರೆ ಯಾರಿಗಿತ್ತು ಎಂದು ಡಾಕ್ಟರು ಕೇಳಿದರು. ಸುದ್ದಿ ತಿಳಿದ ಮಾವ, ಅಂದರೆ ಅತ್ತೆಯ ಗಂಡ, ಅವಳ ಫೈಲು ತಂದುಕೊಟ್ಟರು. ತೆಗೆದದ್ದು ಗರ್ಭಚೀಲವಲ್ಲ, ದೊಡ್ಡ ಕರುಳು. ಒಡಹುಟ್ಟಿದವರನ್ನೂ ಮಕ್ಕಳನ್ನೂ ತಪ್ಪದೆ ತಪಾಸಣೆಗೆ ಕರೆತರಬೇಕು ಎಂದು ಬರೆದಿದ್ದ ಹಾಳೆಯ ಕೆಳಗೆ ಅವಳ ಸಹಿ ಇತ್ತು.

"ಮಗಳ ಲಗ್ನ ಹುಕ್ಕೇರಿಗೆ ಗಟ್ಟಿ ಆಗಿತ್ತವಾ," ಎಂದರು ಮಾವ. "ವಂಶದಾಗ ಬರೂ ಜಡ್ಡು ಅಂದ್ರ ಯಾರ್ ಮಾಡ್ಕೋತಾರ?"

"ಲಗ್ನ ಆದಮ್ಯಾಲರ ಹೇಳಬೇಕಿತ್ತಲ್ರಿ?"

"ಆಮ್ಯಾಲೆ... ನಿನ್ನ ಲಗ್ನ ಇತ್ತಲ್ಲವಾ."

ಸ್ವಂತ ಮಗಳಿಗೂ ಹೇಳಿರಲಿಲ್ಲ. ಮೊನ್ನೆ ನಾನೇ ಹೇಳಿದೆ.

ನಾಳೆ ಗುದನಾಳದಲ್ಲಿ ಎಷ್ಟು ಗಂಟುಗಳಿವೆ ಎಂದು ನೋಡುತ್ತಾರೆ. ಕಡಿಮೆ ಇದ್ದರೆ ಅದನ್ನು ಉಳಿಸಿ ಸಣ್ಣ ಕರುಳಿಗೆ ಜೋಡಿಸಬಹುದು, ವರ್ಷ ವರ್ಷ ತೋರಿಸಿಕೊಳ್ಳಬೇಕು. ಇಲ್ಲವೇ ಅದನ್ನೂ ತೆಗೆಸಿಬಿಡಬಹುದು. ಯಾವುದೆಂದು ನಾನು ತೀರ್ಮಾನಿಸಬೇಕು. ಅತ್ತೆ ಅದನ್ನು ಉಳಿಸಿಕೊಂಡು ಹನ್ನೆರಡು ವರ್ಷ ನಗುನಗುತ್ತ ಬದುಕಿದಳು. ನನಗೆ ಬೇಕಾದ ಉತ್ತರಗಳೆಲ್ಲ ಅವಳ ಹತ್ತಿರ ಇದ್ದವು. ಅವಳನ್ನು ಕ್ಷಮಿಸಲು ನನ್ನಿಂದ ಆಗಿಲ್ಲ, ಆದರೂ ಈ ಹೊತ್ತು ಕೇಳಬೇಕೆನಿಸುವುದು ಅವಳನ್ನೇ...

ಈ ಎರಡರಲ್ಲಿ ಯಾವುದಾದರೂ ಆಪರೇಷನ್ ಮಾಡಿಸಿಕೊಂಡವರು ಇದನ್ನು ಓದುತ್ತಿದ್ದರೆ ದಯವಿಟ್ಟು ಬರೆಯಿರಿ. ಬಸ್ಸಿನಲ್ಲಿ ಎಷ್ಟು ದೂರ ಹೋಗಬಲ್ಲಿರಿ? ಖಾರ ತಿನ್ನುತ್ತೀರಾ? ಮಕ್ಕಳಾದವೇ? ನಿಮ್ಮ ತಮ್ಮ, ತಂಗಿಯರಿಗೆ ಹೇಳಿದಿರಾ?