ಜಟಗನಿಗೆ ಹೇಳಿದ ಹೆಸರು

ನಾನು ಕಾರವಾರದಲ್ಲಿ ಜಾಗದ ಏಜೆಂಟ್. ನಮ್ಮ ಮನೆತನದ ಮೊದಲ ಪದವೀಧರ. ಮಾಲೀಕರಿಂದ ಕರಾರು ಬರೆಸಿಕೊಂಡು ಅದನ್ನೇ ಬೇರೆಯವರಿಗೆ ದಾಟಿಸುವವನೊಬ್ಬ ನನ್ನ ಜೊತೆಗಾರ. ಅವನು ಜಾಗ ಹಿಡಿಯುತ್ತಾನೆ, ನಾನು ಗಿರಾಕಿ ಹುಡುಕುತ್ತೇನೆ.

ಅಂಕೋಲೆಯ ಕಡಲಂಚಿನ ಹಿತ್ತಲಿಗೆ ಕರಾರಾದ ದಿನ, ಅದರ ಒಡತಿ, ಮೀನು ಮಾರುವ ಅಜ್ಜಿ, ಜಟಗನ ಕಲ್ಲಿನೆದುರು ತೆಂಗಿನಕಾಯಿ ಹಿಡಿದು ನಿಂತಳು. ಜಾಗ ಬಿಡುವಾಗ, ಮುಂದೆ ಪೂಜೆ ನಡೆಸುವವರ ಹೆಸರನ್ನು ಆ ಕಾವಲು ದೈವಕ್ಕೆ ಹೇಳಲೇಬೇಕು.

“ಯಾರ ಹೆಸ್ರು ಹೇಳ್ಲೋ ತಮಾ?”

ಜೊತೆಗಾರ ನಕ್ಕ. “ನಂದಂತೂ ಬ್ಯಾಡ ಅಜ್ಜಿ, ನಾ ಬರೀ ಕಾಗದದ ಮನ್ಷ. ತಕಂಬವ್ರು ಇನ್ನೂ ಸಿಕ್ಕಲಿಲ್ಲ.”

“ಹಂಗಾರೆ ಈ ಓದ್ದವಂದೇ ಇರ್ಲಿ,” ಎಂದು ಅಜ್ಜಿ ನನ್ನ ಹೆಸರು ಹೇಳಿ ಕಾಯಿ ಒಡೆದಳು.

ಈಗ ಆ ಕಲ್ಲಿನ ಸುತ್ತ ಬೇರೆಯವರ ಕಾಂಪೌಂಡು. ಅಮಾವಾಸ್ಯೆಗೆ ನಾನು ಹೊರಗೇ ನಿಂತು ಕಾಯಿ ಒಡೆಯುತ್ತೇನೆ. ಒಮ್ಮೆ ತಪ್ಪಿಸಿದ್ದೆ. ಅಂದು ಸಂಜೆ ಖಾಲಿ ದಂಡೆಯಿಂದ ಯಾರೋ ನನ್ನ ಹೆಸರು ಹಿಡಿದು ಕರೆದರು.